ಅಮ್ಮ ಭಾರತೀಯಳು, ಮಗು ಹುಟ್ಟಿದ್ದು ಅಮೆರಿಕದಲ್ಲಿ: ಪೌರತ್ವಕ್ಕೆ ಅರ್ಜಿ ಹಾಕಬೇಕಾ, ಓಸಿಐ ಸಾಕಾ?

ಪುಟ್ಟನಮ್ಮ:
ನನ್ನದು ಭಾರತದ ಪಾಸ್‌ಪೋರ್ಟ್. ಗಂಡ ಮದುವೆಗೆ ಮುಂಚೆಯೇ ಅಮೆರಿಕದ ಪೌರತ್ವ ತಗೊಂಡಿದ್ದರು. ಮಗ ಇಲ್ಲೇ ಹುಟ್ಟಿದ, ಈಗ ಏಳು ತಿಂಗಳು. ಅವನಿಗೆ ಇನ್ನೂ ಯಾವ ದೇಶದ ಪಾಸ್‌ಪೋರ್ಟನ್ನೂ ಮಾಡಿಸಿಲ್ಲ. ನನ್ನ ಕಡೆಯಿಂದ ಅವನಿಗೆ ಭಾರತದ ಪೌರತ್ವ ಸಿಗುತ್ತದಾ? ಮನೆಯಲ್ಲಿ ಒಬ್ಬರು ಅಪ್ಪ ಭಾರತೀಯ ಅಲ್ಲ ಅಂದಮೇಲೆ ಮುಗೀತು ಅನ್ನುತ್ತಾರೆ, ಇನ್ನೊಬ್ಬರು ಓಸಿಐ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸು, ತಲೆನೋವು ಬೇಡ ಅನ್ನುತ್ತಾರೆ. ಮೂರು ನಾಲ್ಕು ವರ್ಷದಲ್ಲಿ ಊರಿಗೆ ವಾಪಸ್ ಬರುವ ಆಸೆ ಇದೆ, ಖಾತ್ರಿ ಇಲ್ಲ.

ಕಲಂನಾಲ್ಕು:
ಸಿಗುತ್ತದೆ ಮೇಡಂ. ಅಪ್ಪನೇ ಭಾರತೀಯ ಆಗಿರಬೇಕು ಅನ್ನುವುದು ಹಳೇ ಕಾನೂನು. 1955ರ ಪೌರತ್ವ ಕಾಯ್ದೆಯ 4ನೇ ಕಲಂ ನೋಡಿ. 1992ರ ಡಿಸೆಂಬರ್ 10ರಿಂದ ಈಚೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು. ಆದರೆ ಅದು ತಾನಾಗಿ ಬರುವುದಿಲ್ಲ. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಇನ್ನೊಂದು ಷರತ್ತು ಇದೆ: ಹುಟ್ಟಿ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಅಂದರೆ ಕಡತ ದೆಹಲಿಗೆ ಹೋಗುತ್ತದೆ. ನಿಮಗೆ ಐದು ತಿಂಗಳು ಉಳಿದಿದೆ. ಜಾಸ್ತಿ ಅಲ್ಲ.

ಹಳೇಬೇರು:
ಅಪ್ಪನದಷ್ಟೇ ಲೆಕ್ಕ ಅನ್ನುವ ಕಾನೂನು ಏನು ಮಾಡಿತ್ತು ಅಂತ ನಮ್ಮ ಚಿಕ್ಕಮ್ಮನ ಮನೆಯಲ್ಲೇ ನೋಡಿದ್ದೇನೆ. ಚಿಕ್ಕಮ್ಮ ಭಾರತೀಯಳು, ಚಿಕ್ಕಪ್ಪ ಅಲ್ಲ. ಮಗ ಹೊರದೇಶದಲ್ಲಿ 1991ರಲ್ಲಿ ಹುಟ್ಟಿದ, ಮಗಳು 1994ರಲ್ಲಿ. ಒಂದೇ ಅಮ್ಮ, ಒಂದೇ ಮನೆ. ಮಗಳು ಭಾರತೀಯಳು, ಮಗ ಅಲ್ಲ. ಅವನು ಇವತ್ತಿಗೂ ಅದನ್ನು ನೆನೆಸಿಕೊಂಡು ನೊಂದುಕೊಳ್ಳುತ್ತಾನೆ. ಅಮ್ಮನ ಮೂಲಕ ಬರುವ ಹಕ್ಕು ಅಷ್ಟು ತಡವಾಗಿ ಬಂದದ್ದು, ಪುಟ್ಟನಮ್ಮ ಅವರೇ, ಅದನ್ನು ಸುಮ್ನೆ ಬಿಡಬೇಡಿ.

ನೇರನುಡಿ:
ಭಾವನೆ ಸರಿ, ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಮಗು ಅಮೆರಿಕದ ನೆಲದಲ್ಲಿ ಹುಟ್ಟಿದೆ, ಅಪ್ಪನೂ ಅಮೆರಿಕದವರು. ಅರ್ಜಿ ಹಾಕದೆಯೇ ಅವನು ಅಮೆರಿಕನ್. ಅವನಿಗೆ ಭಾರತದ ಪೌರತ್ವ ಹೇಗೆ ಕೊಡುತ್ತಾರೆ?

ಕಲಂನಾಲ್ಕು:
ಇದನ್ನೇ ಎಲ್ಲರೂ ತಪ್ಪಾಗಿ ಓದುತ್ತಾರೆ ಸರ್. ನೋಂದಣಿ ಮಾಡಿಸುವಾಗ ತಂದೆ ತಾಯಿ ಕೊಡುವ ಘೋಷಣೆ ಏನು ಗೊತ್ತಾ? ಮಗುವಿನ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ. ಬೇರೆ ಪೌರತ್ವ ಇಲ್ಲ ಅಂತ ಅಲ್ಲ. ಮಗುವಿಗೆ ಎರಡೂ ಇರಬಹುದು ಅಂತ ಕಾಯ್ದೆಗೆ ಗೊತ್ತು. ಅದಕ್ಕೇ 4(1ಎ) ಅಂತ ಒಂದು ಉಪಕಲಂ ಇದೆ: ಹೀಗೆ ಪೌರನಾದ ಮಗುವಿಗೆ ಬೇರೆ ದೇಶದ ಪೌರತ್ವವೂ ಇದ್ದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಟ್ಟುಕೊಡಬೇಕು. ಬಿಡದಿದ್ದರೆ ಭಾರತದ್ದು ಹೋಗುತ್ತದೆ. ಅಂದರೆ ಆಯ್ಕೆ ಮಾಡುವವನು ಮಗ, ಅದೂ ದೊಡ್ಡವನಾದ ಮೇಲೆ.

ಕಡಲಾಚೆ:
ಕಾಗದದ ಮೇಲೆ ಚೆನ್ನಾಗಿದೆ. ಓಡಾಟ ಹೇಗೆ? ಅಮೆರಿಕದ ಪೌರರು ದೇಶದೊಳಗೆ ಬರಲೂ ಹೊರಗೆ ಹೋಗಲೂ ಅಮೆರಿಕದ ಪಾಸ್‌ಪೋರ್ಟೇ ಬಳಸಬೇಕು ಅಂತ ಅಲ್ಲಿನ ಕಾನೂನು. ಈ ಮಗುವಿಗೆ ಅಮೆರಿಕದ ವೀಸಾ ಹಾಕಿಸೋಣ ಅಂದರೆ ಅವನು ಅಲ್ಲಿನ ಪೌರ, ಪೌರನಿಗೆ ವೀಸಾ ಎಲ್ಲಿಂದ ಬರುತ್ತದೆ? ಭಾರತದ ಪಾಸ್‌ಪೋರ್ಟ್ ಮಾತ್ರ ಇಟ್ಟುಕೊಂಡ ಮಗುವನ್ನು ಅಜ್ಜಿ ತಾತನಿಗೆ ತೋರಿಸಲು ಕರೆದುಕೊಂಡು ಹೋಗಿ, ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ನಿಲ್ಲಿಸಿಕೊಂಡರೆ ಯಾರು ಹೊಣೆ? ವಾಪಸ್ ಬಂದು ನೆಲೆಸುವುದು ಖಾತ್ರಿ ಇದ್ದವರಿಗೆ ಮಾತ್ರ ಈ ದಾರಿ.

ಪುಟ್ಟನಮ್ಮ:
ಮೊದಲು ಇಲ್ಲಿ ನೋಂದಣಿ ಮಾಡಿಸಿ, ಆಮೇಲೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದರೆ?

ನೇರನುಡಿ:
ಬೇಡ. ಇವತ್ತು ಇಲ್ಲ ಅಂತ ಇಬ್ಬರೂ ಸಹಿ ಹಾಕಿ ನಾಳೆ ಮಾಡಿಸಿಕೊಂಡರೆ ಆ ಸಹಿಗೆ ಏನು ಬೆಲೆ? ಭಾರತದ ಪಾಸ್‌ಪೋರ್ಟ್ ಒಂದು ಜೇಬಲ್ಲಿ, ಅಮೆರಿಕದ್ದು ಇನ್ನೊಂದರಲ್ಲಿ ಇಟ್ಟುಕೊಂಡು ಮಗುವನ್ನು ಬೆಳೆಸಬೇಡಿ. ಯಾವತ್ತೋ ಒಂದು ದಿನ ತಾಪತ್ರಯ ಅವನಿಗೇ.

ಹಳೇಬೇರು:
ಓಸಿಐ ಸಾಕು ಅನ್ನುವವರು ಒಂದು ವಿಷಯ ಹೇಳುವುದೇ ಇಲ್ಲ. ಓಸಿಐ ಅಂದರೆ ಪೌರತ್ವ ಅಲ್ಲ. ಮತ ಹಾಕುವ ಹಾಗಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಓದಿನ ವಿಷಯಕ್ಕೆ ಬಂದರೆ, 2021ರ ಮಾರ್ಚ್ 4ರ ಅಧಿಸೂಚನೆ ಆದಮೇಲೆ ನೀಟ್, ಜೆಇಇ ಬರೆದರೂ ಭಾರತೀಯರಿಗಷ್ಟೇ ಇಟ್ಟ ಸೀಟುಗಳು ಅವರಿಗಿಲ್ಲ, ಎನ್‌ಆರ್‌ಐ ಸೀಟಿಗೆ ಹೋಗಬೇಕು. ಆ ದಿನಾಂಕಕ್ಕಿಂತ ಮುಂಚೆ ಕಾರ್ಡ್ ಪಡೆದವರಿಗೆ ಹಳೇ ಸೌಲಭ್ಯ ಉಳಿಯುತ್ತದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಈಗ ಹುಟ್ಟಿದ ಮಗುವಿಗೆ ಅದರಿಂದ ಏನೂ ಇಲ್ಲ.
ಇನ್ನೊಂದು. ನೋಂದಣಿ ಮಾಡಿಸಿ ಮುಂದೆ ಬೇಡ ಅನಿಸಿದರೆ ಭಾರತದ ಪೌರತ್ವ ಬಿಟ್ಟು ಓಸಿಐಗೆ ಹೋಗುವುದು ಸುಲಭ. ಓಸಿಐಯಿಂದ ಪೌರತ್ವಕ್ಕೆ ಬರುವುದು ಹಾಗಲ್ಲ. ವಯಸ್ಕನಾಗಿರಬೇಕು, ಐದು ವರ್ಷ ಓಸಿಐ ಆಗಿರಬೇಕು, ಅರ್ಜಿಗೆ ಮುಂಚೆ ಹನ್ನೆರಡು ತಿಂಗಳು ಭಾರತದಲ್ಲಿ ಇದ್ದಿರಬೇಕು. ಒಂದು ಬಾಗಿಲು ದೊಡ್ಡದು, ಇನ್ನೊಂದು ಕಿರಿದು. ದೊಡ್ಡ ಬಾಗಿಲು ಒಂದು ವರ್ಷ ಮಾತ್ರ ತೆರೆದಿರುತ್ತದೆ.

ಕಡಲಾಚೆ:
ಆ ಒಂದು ವರ್ಷದ ನಿಯಮದ ಮೇಲೇ ನನಗೆ ಸಿಟ್ಟು. ನಮ್ಮ ಮಗಳ ಜನನ ಪತ್ರದ ಕಥೆ ಕೇಳಿ. ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ನಮ್ಮ ಕಡೆ ಎಷ್ಟೋ ಜನಕ್ಕೆ ಹಾಗೇ ಇರುತ್ತದೆ ಅಲ್ವಾ, ಅಪ್ಪನ ಹೆಸರು, ಊರಿನ ಹೆಸರು ಎಲ್ಲಾ ಇನಿಶಿಯಲ್ಲಿನಲ್ಲೇ. ಇಲ್ಲಿನ ಕಚೇರಿಯವರ ಕಂಪ್ಯೂಟರ್ ಖಾಲಿ ಜಾಗ ಒಪ್ಪಲಿಲ್ಲ. ಅವಳ ಹೆಸರನ್ನೇ ಎರಡು ಸಲ ಹೊಡೆದು ಕೊಟ್ಟರು. ಭಾರತದ ಕಡೆಯ ಕೌಂಟರಿನಲ್ಲಿ ಪಾಸ್‌ಪೋರ್ಟಿಗೂ ಜನನ ಪತ್ರಕ್ಕೂ ಅಮ್ಮನ ಹೆಸರು ಹೊಂದುತ್ತಿಲ್ಲ ಅಂತ ಅರ್ಜಿ ವಾಪಸ್. ತಿದ್ದಿಸಿ ತರುವಷ್ಟರಲ್ಲಿ ವರ್ಷ ಮುಗಿಯಲು ಸ್ವಲ್ಪವೇ ಉಳಿದಿತ್ತು. ಯಾರದೋ ಕಂಪ್ಯೂಟರಿನ ತೊಂದರೆಗೆ ಮಗುವಿನ ಪೌರತ್ವ ಹೋಗಬೇಕಾ? ಗಲ್ಫಿನಲ್ಲಿ ದುಡಿಯುವವರ ಮಕ್ಕಳಿಗೆ ಅಲ್ಲಿನ ಪೌರತ್ವ ಸಿಗುವುದಿಲ್ಲ. ಅವರ ಅಪ್ಪ ಅಮ್ಮ ವರ್ಷ ದಾಟಿಸಿಬಿಟ್ಟರೆ, ದೆಹಲಿಯಿಂದ ಅನುಮತಿ ಬರುವ ತನಕ ಆ ಮಗು ಯಾವ ದೇಶದ್ದು?

ನೇರನುಡಿ:
ಗಲ್ಫಿನ ಮಾತು ಒಪ್ಪಿದೆ, ಅಲ್ಲಿ ಅನುಮತಿ ಬೇಗ ಕೊಡಬೇಕು. ಆದರೆ ಗಡುವೇ ಬೇಡ ಅನ್ನಬೇಡಿ. ಮೂವತ್ತು ವರ್ಷ ಆದಮೇಲೆ ಯಾರೋ ಒಂದು ಕಾಗದ ತಂದು ನಮ್ಮಮ್ಮ ಭಾರತೀಯಳಾಗಿದ್ದಳು ಅಂದರೆ ಸರ್ಕಾರ ಹೇಗೆ ಪರೀಕ್ಷಿಸಬೇಕು? ಹುಟ್ಟಿದಾಗಲೇ ಬರೆಸಿಟ್ಟರೆ ಮಗುವಿಗೇ ಭದ್ರ.

ಕಲಂನಾಲ್ಕು:
ಪುಟ್ಟನಮ್ಮ ಅವರೇ, ಕಡಲಾಚೆ ಅವರು ಹೇಳಿದ ಹೆಸರಿನ ವಿಷಯ ಇವತ್ತೇ ನೋಡಿಕೊಳ್ಳಿ. ಮಗುವಿನ ಜನನ ಪತ್ರ, ನಿಮ್ಮ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಯಾವ ದಾರಿ ಹಿಡಿದರೂ ಇದು ಬೇಕು. ಓಸಿಐಗೂ ತಂದೆ ತಾಯಿಯ ದಾಖಲೆ ಕೇಳುತ್ತಾರೆ.

ಪುಟ್ಟನಮ್ಮ:
ನೋಡಿದೆ. ಜನನ ಪತ್ರದಲ್ಲಿ ನನ್ನ ಹೆಸರಿನ ನಡುವೆ ಒಂದು ಅಕ್ಷರ ಬಿಟ್ಟುಹೋಗಿದೆ. ನಾಳೆಯೇ ತಿದ್ದುಪಡಿಗೆ ಹಾಕುತ್ತೇವೆ. ಗಂಡನ ಜೊತೆ ಮಾತಾಡಿದೆ. ಅವರ ಅಮ್ಮನಿಗೆ ಹುಷಾರಿಲ್ಲ, ಈ ವರ್ಷ ಮಗುವನ್ನು ಕರೆದುಕೊಂಡು ಹೋಗಿ ಬರಲೇಬೇಕು, ಹಾಗಾಗಿ ಅವರು ಅಮೆರಿಕದ ಪಾಸ್‌ಪೋರ್ಟ್ ಮತ್ತು ಓಸಿಐ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ, ಆದರೆ ಅವರ ಮಾತಲ್ಲೂ ಹುರುಳಿದೆ.

ಹಳೇಬೇರು:
ಅತ್ತೆಯವರ ಆರೋಗ್ಯ ಮುಖ್ಯ, ಅದಕ್ಕೆ ಎದುರು ಹೇಳುವುದಿಲ್ಲ. ನೀವೊಬ್ಬರೇ ಹೋಗಿ ಬರಲು ಆಗುತ್ತದಾ, ಅಥವಾ ಅವರು ಹೋಗಿ ನೀವು ಮಗುವಿನ ಜೊತೆ ಇರಬಹುದಾ, ಅದನ್ನೂ ಒಂದು ಸಲ ಯೋಚಿಸಿ. ಅಮೆರಿಕದ ಪಾಸ್‌ಪೋರ್ಟ್ ಕೈಗೆ ಬಂದಮೇಲೆ ಆ ಘೋಷಣೆಗೆ ನೀವಿಬ್ಬರೂ ಸಹಿ ಹಾಕಲಾರಿರಿ. ತಿದ್ದುಪಡಿ ಆಗಿ ಬರುವ ತನಕ ಹೇಗೂ ಸಮಯ ಇದೆ.