ಪದಗಳ ಅರ್ಥ ಮಕ್ಕಳಿಗೆ ನೆನಪಿರಲು ನೀವೇನು ಮಾಡಿದಿರಿ?

ಕೇಳಿದವರು: ಮಗಳು ಐದನೇ ಕ್ಲಾಸು. ಕನ್ನಡ ಪಾಠದ 'ಪದಗಳ ಅರ್ಥ' ಎಲ್ಲ ಬಾಯಿಪಾಠ ಮಾಡುತ್ತಾಳೆ. ಪರೀಕ್ಷೆ ಮುಗಿದು ವಾರಕ್ಕೆ ಒಂದೂ ನೆನಪಿರುವುದಿಲ್ಲ. ನಿಮ್ಮ ಅನುಭವ ಹೇಳಿ.

ಒಬ್ಬ ಟೀಚರ್: 14 ವರ್ಷದಿಂದ ನಾಲ್ಕು, ಐದನೇ ಕ್ಲಾಸಿಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ಮೊದಮೊದಲು ನಾನೂ 'ಜಲಾಶಯ ಅಂದರೆ ಕೆರೆ' ಅಂತ ಹತ್ತು ಸಲ ಬರೆಸುತ್ತಿದ್ದೆ. ಒಬ್ಬ ಹುಡುಗ ಜಲಪಾತಕ್ಕೂ ಕೆರೆ ಅಂತಲೇ ಬರೆದ. ಆಮೇಲೆ ಪದ ಬಿಡಿಸಿ ತೋರಿಸಲು ಶುರು ಮಾಡಿದೆ. ಜಲ ಅಂದರೆ ನೀರು. ಆಶಯ ಅಂದರೆ ತಂಗುವ ಜಾಗ. ಪಾತ ಅಂದರೆ ಬೀಳುವುದು. ಚರ ಅಂದರೆ ಓಡಾಡುವುದು ಅಂತ ಸೇರಿಸಿದರೆ ಜಲಚರ ಏನು ಅಂತ ಮಕ್ಕಳೇ ಹೇಳುತ್ತಾರೆ. 'ನಿರ್' ಅಂದರೆ ಇಲ್ಲದ್ದು ಅಂತ ಗೊತ್ತಾದರೆ ನಿರ್ಭಯ, ನಿರ್ಜನ ಎರಡೂ ಸಿಕ್ಕಿದ ಹಾಗೆ. ಬಳೆಗಾರ, ಹಾಡುಗಾರ, ಮೋಸಗಾರ ಇವುಗಳ 'ಗಾರ'ವನ್ನೂ ಹೀಗೇ ಹಿಡಿಯಬಹುದು.

ಇನ್ನೊಂದು ಮಾತು. ಒಂದು ಪದಕ್ಕೆ ಒಂದೇ ಅರ್ಥ ಅಂತ ಮಾತ್ರ ಕಲಿಸಬೇಡಿ. ನಾನು 'ಬೇಡ ಕಾಡಿನಲ್ಲಿ ಜಿಂಕೆಯನ್ನು ಅರಸಿದ' ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಬೇಡ ಅಂದರೆ ಬೇಟೆಗಾರನೂ ಹೌದು, ಒಲ್ಲೆ ಅನ್ನುವುದೂ ಹೌದು. ಕಾಡು ಅಂದರೆ ಅಡವಿ, ಪೀಡಿಸು ಅಂತಲೂ ಆಗುತ್ತದೆ. ಅರಸು ಅಂದರೆ ಹುಡುಕು, ರಾಜನೂ ಅರಸನೇ. ಇಲ್ಲಿ ಯಾವ ಅರ್ಥ ಅಂತ ಮಕ್ಕಳು ಜಗಳ ಆಡಿ ತೀರ್ಮಾನ ಮಾಡುತ್ತಾರೆ. ಹಾಗೆ ಜಗಳ ಆಡಿದ ಪದ ಮರೆಯುವುದಿಲ್ಲ, ಇದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ.

ಪುಣೆಯಿಂದ ಒಬ್ಬ ತಾಯಿ: ನಮ್ಮ ಮಗನಿಗೆ ಕನ್ನಡ ಮನೆಯಲ್ಲಿ ಮಾತ್ರ. ಅಜ್ಜಿ ಬಂದಾಗ ತತ್ಸಮ (ಸಂಸ್ಕೃತದಿಂದ ಹಾಗೇ ಬಂದ ಪದ), ತದ್ಭವದ (ಅದೇ ಕನ್ನಡದಲ್ಲಿ ರೂಪ ಬದಲಾದ ಪದ) ಆಟ ಶುರುವಾಯಿತು. ಅವರು 'ಹಕ್ಕಿ' ಅಂದರೆ ಇವನು 'ಪಕ್ಷಿ' ಅನ್ನಬೇಕು. ಮೊಗಕ್ಕೆ ಮುಖ, ಸಂಜೆಗೆ ಸಂಧ್ಯಾ. 'ಜಾತ್ರೆ' ಬಂದದ್ದು ಯಾತ್ರೆಯಿಂದ ಅಂದಾಗ ಅವನಿಗೆ ನಂಬಲಿಕ್ಕೇ ಆಗಲಿಲ್ಲ! ಸುಮ್ನೆ ಬರೆಸುವುದನ್ನು ಬಿಟ್ಟೆವು. ವಾರಕ್ಕೆ ಐದಾರು ಪದ, ಅದಕ್ಕಿಂತ ಜಾಸ್ತಿ ಬೇಡ.

ನಿವೃತ್ತ ಮೇಷ್ಟ್ರು: ಮೇಲಿನ ಇಬ್ಬರೂ ಹೇಳಿದ್ದು ಸರಿ. ಜೊತೆಗೆ ನಿಘಂಟು ನೋಡುವುದನ್ನು ಕಲಿಸಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಮನೆಗೆ ಬೇಕಿಲ್ಲ, ಸಂಕ್ಷಿಪ್ತ ನಿಘಂಟು ಸಾಕು. ಮಕ್ಕಳು ತಪ್ಪುವುದು ಎರಡು ಕಡೆ. ಗೋಡೆಯ ಅಕ್ಷರಮಾಲೆಯಲ್ಲಿ ಕ್ಷ, ಜ್ಞ ಕೊನೆಯಲ್ಲಿ ಇರುತ್ತವೆ ಅಲ್ವಾ, ಹಾಗಾಗಿ 'ಕ್ಷಮೆ' ಹುಡುಕಲು ಕೊನೆಯ ಪುಟಕ್ಕೆ ಹೋಗುತ್ತಾರೆ. ಅದು ಇರುವುದು 'ಕ' ಒಳಗೆ, 'ಜ್ಞಾನ' ಇರುವುದು 'ಜ' ಒಳಗೆ. 'ಅರಸಿದನು' ಅಂತ ಹುಡುಕಿದರೂ ಸಿಗುವುದಿಲ್ಲ, 'ಅರಸು' ನೋಡಬೇಕು. ಮೊದಲ ಕೆಲವು ದಿನ ಪಕ್ಕದಲ್ಲೇ ಕೂತು ಹುಡುಕಿಸಿ. ಆದರೆ ಪುಟ ಅವಳೇ ತಿರುಗಿಸಲಿ.