ಅಮ್ಮಮ್ಮನಿಗೆ ಫೋನಿನಲ್ಲಿ ಕೇಳಿಸುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ನನಗೆ 34, ಅಮ್ಮಮ್ಮನಿಗೆ 87. ಅವಳು ಸಾಗರದ ಹತ್ತಿರ ಊರಲ್ಲಿ, ನಾನು ಬೆಂಗಳೂರಲ್ಲಿ. ನನ್ನ ಗೆಳತಿಯರಲ್ಲೆಲ್ಲ ಹಳಬಳು ಅವಳೇ. ಚಿಕ್ಕಂದಿನಲ್ಲಿ ರಜೆ ಬಂತೆಂದರೆ ಜಗಲಿ ಮೇಲೆ ಇದ್ದಿಲಿನಲ್ಲಿ ಮನೆ ಗೀಚಿ ಚೌಕಾಬಾರ ಆಡುತ್ತಿದ್ದೆವು. ಕವಡೆ ಇರಲಿಲ್ಲ, ಹುಣಸೆ ಬೀಜವನ್ನೇ ಒಂದು ಬದಿ ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿಕೊಡುತ್ತಿದ್ದಳು. ಮೊಮ್ಮಗಳು ಅಂತ ಬಿಟ್ಟುಕೊಟ್ಟವಳೇ ಅಲ್ಲ, ಇನ್ನೊಂದು ಮನೆ ದಾಟಿದರೆ ಹಣ್ಣು ಅನ್ನುವಾಗ ನನ್ನ ಕಾಯಿ ಕಡಿದು, ಕವಳ ತುಂಬಿದ ಬಾಯಲ್ಲೇ ನಗುತ್ತಿದ್ದಳು. ಕೆಲಸ ಬಿಟ್ಟಾಗ, ಮದುವೆ ಬೇಡ ಅನ್ನಿಸಿದಾಗ ಮೊದಲು ಹೇಳಿದ್ದು ಅವಳಿಗೇ.

ಈಗ ಒಂದು ವರ್ಷದಿಂದ ಫೋನ್ ಮಾಡಿದರೆ ಬರೀ "ಹೂಂ, ಹೂಂ, ಊಟ ಆಯ್ತಾ ಕೂಸೇ" ಅಷ್ಟೇ. ಮೊನ್ನೆ ಜ್ವರ ಬಂದಿದೆ ಅಂದೆ, "ಒಳ್ಳೇದಾಯ್ತು ಬಿಡು" ಅಂದಳು! ನಗು ಬಂತು, ಫೋನ್ ಇಟ್ಟಮೇಲೆ ಅಳುವೂ ಬಂತು. ಕಿರುಚಿದರೆ ಪಕ್ಕದ ಮನೆಯವರಿಗೆ ಕೇಳುತ್ತದೆ, ಅವಳಿಗಲ್ಲ. ಯಾರಿಗಾದರೂ ಹೀಗಾಗಿದೆಯಾ?

ಉತ್ತರ 1:
ಕಿರುಚಬೇಡಿ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕೇಳಿಸದೇ ಹೋಗುವುದು ಕೀಚಲು ದನಿ, ನಾವು ಕಿರುಚಿದಷ್ಟೂ ದನಿ ಕೀಚಲಾಗುತ್ತದೆ. ತಗ್ಗಿದ ದನಿಯಲ್ಲಿ ನಿಧಾನವಾಗಿ ಮಾತಾಡಿ. ವಿಡಿಯೋ ಕಾಲ್ ಆದರೆ ತುಟಿ ಕಾಣುತ್ತದೆ, ಅದೂ ಅನುಕೂಲ. ಮೊದಲು ಒಮ್ಮೆ ಕಿವಿ ಡಾಕ್ಟರಿಗೆ ತೋರಿಸಿ. ನಮ್ಮಜ್ಜನಿಗೆ ಸುಮ್ನೆ ಗುಗ್ಗೆ ಗಟ್ಟಿಯಾಗಿತ್ತು ಅಷ್ಟೇ, ನಾವು ಕಿವುಡೇ ಆಯಿತು ಅಂದುಕೊಂಡಿದ್ದೆವು.

ಉತ್ತರ 2:
ನಮ್ಮಜ್ಜಿಗೆ ಮಷಿನ್ ತಂದೆವು, ಡಬ್ಬಿಯಲ್ಲೇ ಕೂತಿದೆ. ಪಾತ್ರೆ ಸದ್ದೆಲ್ಲ ತಲೆಗೆ ಹೊಡೆಯುತ್ತದಂತೆ. ಅಭ್ಯಾಸ ಆಗಲು ಕೆಲವು ವಾರ ಬೇಕು, ಆ ತಾಳ್ಮೆ ಇಬ್ಬರಿಗೂ ಇರಲಿಲ್ಲ. ನಾನೀಗ ಕಾಗದ ಬರೆಯುತ್ತೇನೆ. ಪೋಸ್ಟ್‌ಕಾರ್ಡಿಗೆ 50 ಪೈಸೆ, ದಪ್ಪ ಸ್ಕೆಚ್ ಪೆನ್ನಿನಲ್ಲಿ ಹತ್ತು ಸಾಲು. ಆದರೆ ಪೋಸ್ಟ್‌ಮ್ಯಾನ್ ಕೂಡ ಓದುತ್ತಾನೆ, ಗುಟ್ಟಿನ ವಿಷಯ ಇದ್ದರೆ ಇನ್‌ಲ್ಯಾಂಡ್ ತಗೊಳ್ಳಿ :)

ಉತ್ತರ 3:
ಅದೆಲ್ಲ ಸರಿ, ಚೌಕಾಬಾರಕ್ಕೆ ಕಿವಿ ಯಾಕೆ ಬೇಕು? ರಜೆ ಹಾಕಿ ಹೋಗಿ ಬನ್ನಿ.

ಪ್ರಶ್ನೆ ಕೇಳಿದವರು:
ಹೋಗಿ ಬಂದೆ. ಗುಗ್ಗೆ ಇತ್ತು, ತೆಗೆಸಿದೆವು. ಸ್ವಲ್ಪ ಪರವಾಗಿಲ್ಲ, ಪೂರ್ತಿ ಅಲ್ಲ. ಜಗಲಿಗೆ ಈಗ ಟೈಲ್ಸ್ ಹಾಕಿಸಿದ್ದಾರೆ, ಇದ್ದಿಲು ಹತ್ತುವುದೇ ಇಲ್ಲ. ಹಳೇ ಕ್ಯಾಲೆಂಡರಿನ ಹಿಂದೆ ಮನೆ ಬರೆದು ಕೂತೆವು. ಅವಳಿಗೆ ಬಾರಾ ಬಿತ್ತು, ಎಂಟು ಮನೆ ನಡೆಸಬೇಕಾದವಳು ಒಂಬತ್ತು ನಡೆಸಿದಳು.

"ಅಮ್ಮಮ್ಮಾ, ಒಂದು ಮನೆ ಜಾಸ್ತಿ ಆಯಿತು" ಅಂದೆ, ತಗ್ಗಿದ ದನಿಯಲ್ಲಿ, ನಿಧಾನವಾಗಿಯೇ.

"ಎಂತದು? ಕೇಳ್ಸಲ್ಲ ಕೂಸೇ" ಅಂದವಳೇ ನನ್ನ ಕಾಯಿ ಕಡಿದಳು.