ಟೆಸ್ಟೊಸ್ಟಿರೋನ್ ಇಲ್ಲದಿದ್ದರೂ ಪಿಎಸ್‌ಎ ಏರುತ್ತಿರುವುದೇಕೆ?

ಪ್ರಶ್ನೆ: ಕಟಪಾಡಿಯವ

72 ವರ್ಷದ ನನ್ನ ತಂದೆಯವರ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ್ದು, ಎರಡು ವರ್ಷಗಳಿಂದ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಮತ್ತು ದಿನವೂ ಅಬಿರಾಟೆರೋನ್, ಪ್ರೆಡ್ನಿಸೊಲೋನ್ ಮಾತ್ರೆಗಳು ನಡೆಯುತ್ತಿವೆ. ಪ್ರಾಸ್ಟೇಟ್ ಕೋಶಗಳು ತಯಾರಿಸುವ, ರಕ್ತದಲ್ಲಿ ಅಳೆಯುವ ಪಿಎಸ್‌ಎ ಎಂಬ ಪ್ರೋಟೀನ್ 86ರಷ್ಟಿದ್ದದ್ದು 0.9ಕ್ಕೆ ಇಳಿದಿತ್ತು. ಕಳೆದ ಮೂರು ಪರೀಕ್ಷೆಗಳಲ್ಲಿ ಅದು 2.1, 4.4, 7.8 ಎಂದು ಏರುತ್ತಾ ಬಂದಿದೆ. ಆದರೆ ಟೆಸ್ಟೊಸ್ಟಿರೋನ್ ಎಂಬ ಪುರುಷ ಹಾರ್ಮೋನ್ ಅಳತೆಗೇ ಸಿಗದಷ್ಟು ಕಡಿಮೆ. ಹಾರ್ಮೋನೇ ಈ ಕ್ಯಾನ್ಸರಿನ ಆಹಾರವೆಂದು ನಮಗೆ ತಿಳಿಸಿದ್ದರು. ಆಹಾರವಿಲ್ಲದೆ ಅದು ಬೆಳೆಯುವುದು ಹೇಗೆ? ಎನ್ಜಾಲುಟಮೈಡ್‌ಗೆ ಬದಲಾಯಿಸಿದರೆ ಸಾಕೆಂದು ನಮ್ಮ ಭಾವನವರು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ 1: ಮಂಗಳೂರಿನ ಸಂಶೋಧನಾ ವಿದ್ಯಾರ್ಥಿನಿ

ಆಹಾರವೆಂಬ ಹೋಲಿಕೆ ರೋಗಿಗಳಿಗೆ ಬೇಗ ಅರ್ಥವಾಗುತ್ತದೆ, ಆದರೆ ನಿಮ್ಮ ಪ್ರಶ್ನೆಗೆ ಅದರಿಂದ ಉತ್ತರ ಸಿಗದು. ಟೆಸ್ಟೊಸ್ಟಿರೋನನ್ನು ತೋಟದ ಪಂಪಿನ ಸ್ಟಾರ್ಟರ್ ಗುಂಡಿ ಒತ್ತುವ ಬೆರಳೆಂದು ಭಾವಿಸಿ. ಆ ಗುಂಡಿಯೇ ಜೀವಕೋಶದೊಳಗಿನ ಆ್ಯಂಡ್ರೊಜೆನ್ ಗ್ರಾಹಕ. ಹಾರ್ಮೋನ್ ಕೂಡಿಕೊಂಡಾಗ ಈ ಗ್ರಾಹಕವು ಕೋಶಕೇಂದ್ರಕ್ಕೆ ಹೋಗಿ, ಬೆಳವಣಿಗೆಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಪಿಎಸ್‌ಎ ತಯಾರಿಸುವ ಜೀನ್ ಕೂಡ ಈ ಗ್ರಾಹಕದ ಆಜ್ಞೆಯಲ್ಲೇ ಇರುವುದರಿಂದ, ಪಿಎಸ್‌ಎ ಏರುತ್ತಿದೆ ಎಂದರೆ ಬಹುಮಟ್ಟಿಗೆ ಬೆರಳಿಲ್ಲದೆಯೂ ಗುಂಡಿ ಒತ್ತಿಕೊಂಡೇ ಇದೆ ಎಂದು ಅರ್ಥ.

ಹಾರ್ಮೋನ್ ತಗ್ಗಿಸಿದರೆ ಈ ರೋಗ ಹಿಮ್ಮೆಟ್ಟುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಮರಳಿ ಬಂದ ರೋಗಕ್ಕೆ ಹಾರ್ಮೋನಿನ ಹಂಗೇ ಇಲ್ಲವೆಂದು ಬಹುಕಾಲ ನಂಬಿದ್ದೆವು. ವೃಷಣದಲ್ಲಿ ಮಾತ್ರವಲ್ಲದೆ ಅಡ್ರಿನಲ್ ಗ್ರಂಥಿಯಲ್ಲಿಯೂ ಗಡ್ಡೆಯೊಳಗೂ ಹಾರ್ಮೋನ್ ತಯಾರಾಗದಂತೆ ಸಿವೈಪಿ17 ಕಿಣ್ವವನ್ನು ತಡೆಯುವ ಅಬಿರಾಟೆರೋನ್ ಅಂಥ ರೋಗಿಗಳಲ್ಲೂ ಫಲ ಕೊಟ್ಟು, 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಾಗ ಆ ನಂಬಿಕೆ ಸಡಿಲವಾಯಿತು.

ಗುಂಡಿ ಸಿಕ್ಕಿಕೊಳ್ಳುವ ಬಗೆಗಳು ಹಲವು. ಗ್ರಾಹಕದ ಜೀನ್ ಹತ್ತಾರು ಪ್ರತಿಗಳಾಗಿ, ಹಾರ್ಮೋನಿನ ಚೂರೇ ಸಾಕಾಗಬಹುದು. ಟಿ878ಎ ಎಂಬ ರೂಪಾಂತರದಲ್ಲಿ ಪ್ರೊಜೆಸ್ಟಿರೋನ್ ಕೂಡ ಅದನ್ನು ಎಬ್ಬಿಸಬಲ್ಲದು. ಎಲ್702ಎಚ್ ರೂಪಾಂತರದಲ್ಲಂತೂ, ಅಬಿರಾಟೆರೋನ್ ಜೊತೆಗೆ ನಾವೇ ಕೊಡುವ ಪ್ರೆಡ್ನಿಸೊಲೋನಿನಂಥ ಸ್ಟೀರಾಯ್ಡ್‌ಗಳೇ ಆ ಕೆಲಸ ಮಾಡುತ್ತವೆ. ಇನ್ನು ಎಆರ್-ವಿ7 ಎಂಬ ಮೊಟಕು ಗ್ರಾಹಕದಲ್ಲಿ ಹಾರ್ಮೋನ್ ಕೂರುವ ಭಾಗವೇ ಇರುವುದಿಲ್ಲ. ಅದು ಸದಾ ಚಾಲೂ. ಗ್ರಾಹಕವನ್ನು ತಡೆಯುವ ಔಷಧಿಯಾದ ಎನ್ಜಾಲುಟಮೈಡ್ ಹೋಗಿ ಕೂರಬೇಕಾದದ್ದೂ ಅದೇ ಜಾಗದಲ್ಲಿ.

ಉತ್ತರ 2: ನಿವೃತ್ತ ವೈದ್ಯ, ಉಡುಪಿ

ಮೇಲಿನ ವಿವರಣೆ ಚೆನ್ನಾಗಿದೆ. ಆದರೆ ಅದನ್ನು ಓದಿ ಯಾರೂ ಪ್ರೆಡ್ನಿಸೊಲೋನನ್ನು ತಾವಾಗಿಯೇ ನಿಲ್ಲಿಸಬಾರದು. ಅಬಿರಾಟೆರೋನ್ ಕಾರ್ಟಿಸೋಲ್ ಎಂಬ ದೇಹದ ಸ್ವಂತ ಸ್ಟೀರಾಯ್ಡನ್ನೂ ತಗ್ಗಿಸುವುದರಿಂದ, ಆ ಮಾತ್ರೆಯಿಲ್ಲದಿದ್ದರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಕುಸಿಯುವ ಅಪಾಯವಿದೆ.

ಭಾವನವರ ಸಲಹೆ ತೀರಾ ತಪ್ಪಲ್ಲ. ಕೆಲವರಲ್ಲಿ ಈ ಬದಲಾವಣೆಯಿಂದ ಪಿಎಸ್‌ಎ ಇಳಿಯುತ್ತದೆ. ಆದರೆ ಎರಡೂ ಒಂದೇ ದಾರಿಯ ಔಷಧಿಗಳಾದುದರಿಂದ, ಒಂದಕ್ಕೆ ಬಗ್ಗದ ಗಡ್ಡೆ ಇನ್ನೊಂದಕ್ಕೂ ಬಗ್ಗದಿರುವುದೇ ಹೆಚ್ಚು, ಸಿಕ್ಕ ಫಲವೂ ಸಾಮಾನ್ಯವಾಗಿ ಅಲ್ಪಕಾಲದ್ದು. ನಾನಾಗಿದ್ದರೆ ಔಷಧಿ ಬದಲಿಸುವ ಮೊದಲು ಗಡ್ಡೆಯ ಜೀನ್ ಪರೀಕ್ಷೆಯ ಬಗ್ಗೆ ಕೇಳುತ್ತಿದ್ದೆ. ಬಿಆರ್‌ಸಿಎ2 ಎಂಬ ಜೀನ್ ಕೆಟ್ಟಿದ್ದರೆ ಡಿಎನ್‌ಎ ದುರಸ್ತಿಯ ಒಂದು ಮಾರ್ಗ ಆಗಲೇ ಮುಚ್ಚಿರುತ್ತದೆ. ಓಲಪರಿಬ್ ಎಂಬ ಔಷಧಿ ಇನ್ನೊಂದನ್ನೂ ತಡೆದು ಆ ಜೀವಕೋಶವನ್ನು ಕೊಲ್ಲುತ್ತದೆ. ಈ ದೋಷ ವಂಶದಲ್ಲೇ ಬಂದದ್ದಾದರೆ ವಿಷಯ ನಿಮ್ಮ ಅಕ್ಕತಂಗಿಯರಿಗೂ ಸಂಬಂಧಿಸಿದ್ದು, ಏಕೆಂದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವುದೂ ಅದೇ ಜೀನ್.

ಗ್ರಾಹಕದ ಗೊಡವೆಯಿಲ್ಲದ ದಾರಿಗಳೂ ಇವೆ: ಡೊಸಿಟಾಕ್ಸೆಲ್ ಎಂಬ ಕೀಮೋ ಔಷಧಿ, ಮತ್ತು ಈ ಕ್ಯಾನ್ಸರ್ ಕೋಶಗಳ ಮೇಲ್ಮೈಯ ಪಿಎಸ್‌ಎಂಎ ಪ್ರೋಟೀನನ್ನು ಹುಡುಕುವ ಸ್ಕ್ಯಾನಿನಲ್ಲಿ ಗಡ್ಡೆಗಳು ಬೆಳಗಿದರೆ, ಅದೇ ಪ್ರೋಟೀನಿಗೆ ಅಂಟುವ ವಿಕಿರಣಶೀಲ ಔಷಧಿ ಲುಟೇಶಿಯಂ-177.

ಮರುಪ್ರಶ್ನೆ: ಕಟಪಾಡಿಯವ

ಇಬ್ಬರಿಗೂ ಕೃತಜ್ಞತೆಗಳು. ಹಳೆಯ ವರದಿಯಲ್ಲಿ ‘ಪಿಟೆನ್ ಇಲ್ಲ’ ಎಂದಿದೆ. ಅದಕ್ಕೆ ಔಷಧಿಯಿದೆಯೇ? ಜೀನ್ ಪರೀಕ್ಷೆಗೆ ಮತ್ತೆ ಬಯಾಪ್ಸಿ ಬೇಕಾಗುವುದೇ? ತಂದೆಯವರು ಅದಕ್ಕೆ ಸುತರಾಂ ಒಪ್ಪುತ್ತಿಲ್ಲ.

ಉತ್ತರ 3: ಮಂಗಳೂರಿನ ಸಂಶೋಧನಾ ವಿದ್ಯಾರ್ಥಿನಿ

ಪಿಟೆನ್ ಎಂಬುದು ಎಕೆಟಿ ಎಂಬ ಇನ್ನೊಂದು ಸಂಕೇತಮಾರ್ಗದ ಬ್ರೇಕು. ತೊಡಕೇನೆಂದರೆ ಈ ಎರಡು ಮಾರ್ಗಗಳು ಒಂದನ್ನೊಂದು ಹತ್ತಿಕ್ಕಿಕೊಂಡಿರುತ್ತವೆ: ಗ್ರಾಹಕವನ್ನು ತಡೆದರೆ ಎಕೆಟಿ ಚುರುಕಾಗುತ್ತದೆ, ಎಕೆಟಿಯನ್ನು ತಡೆದರೆ ಗ್ರಾಹಕ ತಲೆಯೆತ್ತುತ್ತದೆ. ಆದುದರಿಂದ ಇಪಟಸರ್ಟಿಬ್, ಕ್ಯಾಪಿವಸರ್ಟಿಬ್ ಎಂಬ ಎಕೆಟಿ ತಡೆಗಳನ್ನು ಅಬಿರಾಟೆರೋನ್ ಜೊತೆಗೂಡಿಸಿ ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷಿಸಿದ್ದಾರೆ. ಆದರೆ ಇವು ಅಬಿರಾಟೆರೋನನ್ನು ಹೊಸದಾಗಿ ಆರಂಭಿಸುವವರಲ್ಲಿ ನಡೆದ ಪ್ರಯೋಗಗಳು. ನಿಮ್ಮ ತಂದೆಯವರ ಸ್ಥಿತಿಗೆ ಹಾಗೆಯೇ ಅನ್ವಯಿಸಲಾಗದು.

ಬಯಾಪ್ಸಿಯ ಮೇಣದ ಬ್ಲಾಕು ಪ್ರಯೋಗಾಲಯದಲ್ಲಿ ಉಳಿದಿದ್ದರೆ ಬಿಆರ್‌ಸಿಎ ಪರೀಕ್ಷೆಗೆ ಅದನ್ನೇ ಕೇಳಿ ಪಡೆಯಬಹುದು. ಗ್ರಾಹಕದ ರೂಪಾಂತರಗಳು ಚಿಕಿತ್ಸೆ ಶುರುವಾದ ಮೇಲೆ ಹುಟ್ಟಿದವಾಗಿರುವುದರಿಂದ ಹಳೆಯ ಬ್ಲಾಕಿನಲ್ಲಿ ಕಾಣಿಸಲಾರವು. ಅವುಗಳಿಗೆ ಈಗಿನ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯನ್ನು ನೋಡಬೇಕು. ಅದಕ್ಕೆ ಕೈಯಿಂದ ರಕ್ತ ತೆಗೆದರೆ ಸಾಕು.

ಕಟಪಾಡಿಯವ

ಹಾಗಾದರೆ ಸೋಮವಾರ ಬ್ಲಾಕಿಗೆ ಅರ್ಜಿ ಕೊಡುತ್ತೇನೆ. ರಕ್ತ ಕೊಡಲು ತಂದೆಯವರು ಒಪ್ಪಿದ್ದಾರೆ.